ಕಾರ್ಟೂನ್ ಗೋಡೆ ಏರಿತು, ಪೇಪರ್ ಕಟಿಂಗ್ ಎಲ್ಲಿ ಹೋಯಿತು?

ಎಂಬತ್ತರ ದಶಕದ ಒಂದು ಪಾಕೆಟ್ ಕಾರ್ಟೂನಿನ ಮೂಲಪ್ರತಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಗಾತ್ರ. ಪತ್ರಿಕೆಯಲ್ಲಿ ಒಂದು ಕಾಲಂ ಅಗಲಕ್ಕೆ, ಅಂದರೆ ನಾಲ್ಕೈದು ಸೆಂಟಿಮೀಟರಿಗೆ ಕುಗ್ಗಿ ಅಚ್ಚಾದ ಚಿತ್ರ ಹಾಳೆಯ ಮೇಲೆ ಅದರ ಎರಡು ಮೂರು ಪಟ್ಟು ಇರುತ್ತದೆ. ಆಮೇಲೆ ಕಾಣುವುದು ಅದರ ಕೊಳಕು. ರಬ್ಬರಿಗೆ ಪೂರ್ತಿ ಹೋಗದೆ ಉಳಿದ ಪೆನ್ಸಿಲ್ ಗೆರೆ, ಮಂತ್ರಿಯ ಮೂಗು ತಿದ್ದಿದ ಜಾಗದಲ್ಲಿ ದಪ್ಪಗೆ ಬಳಿದ ಬಿಳಿ ಬಣ್ಣ, ಅಂಚಿನಲ್ಲಿ ನೀಲಿ ಪೆನ್ಸಿಲಿನ ‘1 ಕಾಲಂ’, ಹಿಂಬದಿಯಲ್ಲಿ ತಾರೀಖಿನ ರಬ್ಬರ್ ಸ್ಟಾಂಪು. ಇಷ್ಟೆಲ್ಲ ನೋಡಿಯಾದ ಮೇಲೆ ತಡವಾಗಿ ಹೊಳೆಯುವುದು ಇನ್ನೊಂದು: ಅಡಿಬರಹವೇ ಇಲ್ಲ. ಅದನ್ನು ಕಂಪೋಸಿಂಗ್ ವಿಭಾಗದವರು ಅಚ್ಚಿನ ಮೊಳೆಗಳಲ್ಲಿ ಜೋಡಿಸುತ್ತಿದ್ದರು. ಹಾಳೆಯಲ್ಲಿ ಉಳಿದಿರುವುದು ಟೋಪಿ ಹಾಕಿದ ಒಬ್ಬ ಡೊಳ್ಳುಹೊಟ್ಟೆಯವ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳುತ್ತಿರುವ ಚಿತ್ರ ಮಾತ್ರ. ಏನು ಹೇಳಿದ? ಗೊತ್ತಿಲ್ಲ.

ಇಂಥ ಹಾಳೆಗಳು ಈಗ ಮೌಂಟು, ಫ್ರೇಮು, ಬೆಲೆಚೀಟಿಯ ಜೊತೆ ಗ್ಯಾಲರಿಗಳಿಗೂ ಹರಾಜಿನ ಕ್ಯಾಟಲಾಗುಗಳಿಗೂ ಬರುತ್ತಿವೆ, ಸಮಕಾಲೀನ ಕಲೆ ಎಂಬ ತಲೆಬರಹದಡಿ. ಕೊಳ್ಳುವವರು ಕೇಳುವುದು ‘ಇದರ ರೇಟು ಏರುತ್ತದಾ?’ ಎಂದು. ಮೊದಲು ಕೇಳಬೇಕಾದದ್ದು, ಇದು ಯಾವ ದಿನ, ಯಾವ ಪತ್ರಿಕೆಯಲ್ಲಿ, ಯಾವ ಅಡಿಬರಹದೊಂದಿಗೆ ಅಚ್ಚಾಯಿತು ಎಂದು. ಗುಡ್ಡದ ಮೇಲಿನ ಮೋಡದ ಚಿತ್ರಕ್ಕೆ ಈ ಪ್ರಶ್ನೆ ಬೇಕಿಲ್ಲ. ವ್ಯಂಗ್ಯಚಿತ್ರದ ಅರ್ಧ ಅರ್ಥ ಮಾತ್ರ ಹಾಳೆಯ ಮೇಲಿರುತ್ತದೆ, ಉಳಿದರ್ಧ ಆವತ್ತಿನ ಮುಖಪುಟದ ಸುದ್ದಿಯಲ್ಲಿರುತ್ತದೆ. ಆ ಉಳಿದರ್ಧವನ್ನು ಕಳೆದುಕೊಂಡ ಹಾಳೆ ಹತ್ತೇ ವರ್ಷದಲ್ಲಿ ಮೂಕವಾಗುತ್ತದೆ. ಮಾರುಕಟ್ಟೆಯ ಲೆಕ್ಕದಲ್ಲೂ ಅದು ಅರ್ಧ ಮಾಲು.

ವ್ಯಂಗ್ಯಚಿತ್ರವನ್ನು ಸಂಗ್ರಹಿಸುವುದು ಹೊಸ ಶೋಕಿ ಎಂದುಕೊಂಡವರು ಲಂಡನ್ನಿನ ಜೇಮ್ಸ್ ಗಿಲ್‌ರೇಯನ್ನು ನೆನೆಯಬೇಕು. ಹದಿನೆಂಟನೆಯ ಶತಮಾನದ ಕೊನೆಗೆ ಅವನ ತಾಮ್ರದ ತಗಡಿನ ಅಚ್ಚುಗಳು ಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಹ್ಯಾನಾ ಹಂಫ್ರೆ ಎಂಬಾಕೆಯ ಅಂಗಡಿಯಲ್ಲಿ ಕೈಯಿಂದ ಬಣ್ಣ ಹಚ್ಚಿದ ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದವು. ಕಾಸಿದ್ದವರು ಕೊಂಡರು, ಇಲ್ಲದವರು ಅಂಗಡಿಯ ಕಿಟಕಿಯ ಮುಂದೆ ಗುಂಪುಗೂಡಿ ನಕ್ಕರು. ಅಂದರೆ ಈ ಕಲೆ ಮಾರಾಟದ ಹಾಳೆಯಾಗಿಯೇ ಬೆಳೆಯಿತು. ಅದನ್ನು ಬೆಳಿಗ್ಗೆ ಓದಿ ಸಂಜೆ ಕಡಲೆಕಾಯಿ ಕಟ್ಟುವ ವಸ್ತುವಾಗಿಸಿದ್ದು ಆಮೇಲೆ ಬಂದ ಪತ್ರಿಕೆ. ಪ್ಯಾರಿಸ್ಸಿನ ಒನೊರೆ ದೋಮಿಯೆ ಈ ಎರಡರ ನಡುವೆ ನಿಲ್ಲುತ್ತಾನೆ. ರಾಜ ಲೂಯಿ ಫಿಲಿಪ್‌ನನ್ನು ಎಲ್ಲವನ್ನೂ ನುಂಗುವ ದೈತ್ಯನಾಗಿ ಬರೆದು 1832ರಲ್ಲಿ ಜೈಲು ಕಂಡ ಅವನು, ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದ ಸುಮಾರು 4000 ಲಿಥೋಗ್ರಾಫ್‌ಗಳನ್ನು ಬಿಟ್ಟುಹೋದ. ಅವುಗಳ ಸಂಗ್ರಾಹಕರು ಇವತ್ತಿಗೂ ಮೊದಲು ಮಾಡುವ ಕೆಲಸ ಹಾಳೆಯನ್ನು ತಿರುಗಿಸಿ ನೋಡುವುದು. ಹಿಂಬದಿಯಲ್ಲಿ ಪತ್ರಿಕೆಯ ಅಕ್ಷರಗಳಿದ್ದರೆ ಅದು ವಾಚಕರಿಗೆ ಹೋದ ಪ್ರತಿ. ಹಿಂಬದಿ ಖಾಲಿಯಿದ್ದು ಬಿಳಿ ಕಾಗದದ ಮೇಲಿದ್ದರೆ ಕಡಿಮೆ ಸಂಖ್ಯೆಯಲ್ಲಿ ತೆಗೆದ ಪ್ರತಿ, ಬೆಲೆ ಹಲವು ಪಟ್ಟು. ಒಂದೇ ಕಲ್ಲು, ಒಂದೇ ಗೆರೆ. ವ್ಯತ್ಯಾಸವೆಲ್ಲ ಕಾಗದದ ಚರಿತ್ರೆಯಲ್ಲಿ.

ಈಗ ಚಕ್ರ ಒಂದು ಸುತ್ತು ಬಂದಿದೆ. ನ್ಯೂಯಾರ್ಕ್ ಟೈಮ್ಸ್ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ರಾಜಕೀಯ ಕಾರ್ಟೂನನ್ನು 2019ರ ಜುಲೈಯಲ್ಲಿ ನಿಲ್ಲಿಸಿತು. 2023ರ ಜುಲೈಯಲ್ಲಿ ಅಮೆರಿಕದ ಮೆಕ್‌ಕ್ಲಾಚಿ ಪತ್ರಿಕಾ ಸಮೂಹ, ಅಲ್ಲಿನ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಗೆದ್ದ ಮೂವರು ವ್ಯಂಗ್ಯಚಿತ್ರಕಾರರನ್ನು ಒಂದೇ ದಿನ ಕೆಲಸದಿಂದ ತೆಗೆಯಿತು. ಅದಕ್ಕೂ ಮೊದಲೇ, 2022ರಲ್ಲಿ, ಪುಲಿಟ್ಜರ್‌ನ ಸಂಪಾದಕೀಯ ಕಾರ್ಟೂನ್ ವಿಭಾಗ ಸಚಿತ್ರ ವರದಿ ಮತ್ತು ವ್ಯಾಖ್ಯಾನ ಎಂಬ ದೊಡ್ಡ ಚೀಲದೊಳಗೆ ಸೇರಿಹೋಗಿತ್ತು. ಇತ್ತ ಕಲಾಲೋಕದ ಬಾಗಿಲು ತೆರೆದಿತ್ತು. ರುಮೇನಿಯಾದ ಡಾನ್ ಪೆರ್ಜೋವ್‌ಸ್ಕಿ 2007ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಗೋಡೆಯ ಮೇಲೆಯೇ ಮಾರ್ಕರಿನಲ್ಲಿ ರಾಜಕೀಯ ಕಾರ್ಟೂನು ಬರೆದರು, ಪ್ರದರ್ಶನ ಮುಗಿದ ಮೇಲೆ ಬಣ್ಣ ಬಳಿದು ಮುಚ್ಚಲಾಯಿತು. ಬೇಕೆಂದೇ ಸೊಟ್ಟಗೆ ಬರೆಯುವ ಡೇವಿಡ್ ಶ್ರಿಗ್ಲಿಯ ಹೆಸರು 2013ರಲ್ಲಿ ಸಮಕಾಲೀನ ಕಲೆಗೆ ಬ್ರಿಟನ್ನಿನಲ್ಲಿ ಕೊಡುವ ಟರ್ನರ್ ಪ್ರಶಸ್ತಿಯ ಕೊನೆಯ ಪಟ್ಟಿಗೆ ಬಂತು. ದುಡ್ಡಿನ ಮಾತು ಬಂದರೆ, ಟಿನ್‌ಟಿನ್ ಸೃಷ್ಟಿಸಿದ ಎರ್ಜೆ 1936ರಲ್ಲಿ ಇಂಕು ಮತ್ತು ಜಲವರ್ಣದಲ್ಲಿ ಬರೆದ ಒಂದು ಮುಖಪುಟದ ಚಿತ್ರ 2021ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 32 ಲಕ್ಷ ಯೂರೊಗೆ ಹೋಯಿತು. ಆ ಹಾಳೆಯ ಮೇಲೆ ಮಡಿಚಿದ ಗುರುತುಗಳು ಎದ್ದು ಕಾಣುತ್ತವೆ. ಕೊಂಡವರು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ.

ಭಾರತದಲ್ಲಿ ಈ ದಾರಿ ಹಳೆಯದೇ. ಗಗನೇಂದ್ರನಾಥ ಠಾಕೂರರು ಇಂಗ್ಲಿಷರನ್ನು ಅನುಕರಿಸುವ ಬಂಗಾಳಿ ಬಾಬುಗಳನ್ನೂ ಪುರೋಹಿತರನ್ನೂ ಗೇಲಿ ಮಾಡಿದ ಲಿಥೋಗ್ರಾಫ್ ಸಂಪುಟಗಳನ್ನು ನೂರು ವರ್ಷಗಳ ಹಿಂದೆ ತಾವೇ ಅಚ್ಚು ಹಾಕಿಸಿದರು. ಇವತ್ತು ಅವರು ರಾಷ್ಟ್ರೀಯ ಕಲಾಸಂಪತ್ತು ಎಂದು ಘೋಷಿತರಾದ ಒಂಬತ್ತು ಕಲಾವಿದರಲ್ಲಿ ಒಬ್ಬರು. 1972ರ ಕಾಯ್ದೆಯ ಪ್ರಕಾರ ಅವರ ಕೃತಿಗಳನ್ನು ದೇಶದೊಳಗೆ ಮಾರಬಹುದು, ಹೊರಗೆ ಸಾಗಿಸುವಂತಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಸೇರುವ ಮೊದಲು ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಬರೆಯುತ್ತಿದ್ದರು. ಲಕ್ಷ್ಮಣ್ ಬರೆದ ಕಾಗೆಯ ಚಿತ್ರಗಳನ್ನು ಕಲಾಸಂಗ್ರಾಹಕರು ಮೊದಲಿನಿಂದ ಇಷ್ಟಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ: ಕಾಗೆಗೆ ಅಡಿಬರಹ ಬೇಕಿಲ್ಲ, ಕಾಗೆ ಯಾವ ಪಕ್ಷದ್ದೂ ಅಲ್ಲ. ರಾಜಕೀಯದ ಹಾಳೆಗಳ ಗತಿ ಬೇರೆ. ಅಚ್ಚಾದ ಮೇಲೆ ಅವು ಕಚೇರಿಯ ಕಸದ ಬುಟ್ಟಿಗೋ, ಚಿತ್ರದಲ್ಲಿ ಸಿಕ್ಕಿಬಿದ್ದ ರಾಜಕಾರಣಿಯೇ ಕೇಳಿ ಪಡೆದು ಅವರ ದಿವಾನಖಾನೆಗೋ ಹೋದವು. ಬೆಂಗಳೂರಿನ ಎಂ.ಜಿ. ರಸ್ತೆಯ ಪಕ್ಕ ಮಿಡ್‌ಫೋರ್ಡ್ ಹೌಸ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಿಂದ ನಡೆಸುತ್ತಿರುವ ಗ್ಯಾಲರಿ, ಈ ಹಾಳೆಗಳನ್ನು ಗೋಡೆಯ ಮೇಲೆ ಎದುರುಬದುರು ನಿಂತು ನೋಡಲು ನಮಗಿರುವ ಕೆಲವೇ ಜಾಗಗಳಲ್ಲೊಂದು. ಕೊಳ್ಳುವ ಮನಸ್ಸಿರುವವರು ಮೊದಲು ಅಲ್ಲಿ ಹತ್ತು ಸಲ ಹೋಗಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ಕಣ್ಣು ಪಳಗಬೇಕಾದರೆ ಅಚ್ಚಿನ ಕೆಲಸ ತಿಳಿದಿರಬೇಕು. ಹಳೆಯ ಪದ್ಧತಿಯಲ್ಲಿ ಚಿತ್ರವನ್ನು ಕ್ಯಾಮೆರಾದಲ್ಲಿ ತೆಗೆದು, ನೆಗೆಟಿವನ್ನು ಸತುವಿನ ತಗಡಿಗೆ ಇಳಿಸಿ, ಗೆರೆಯಿಲ್ಲದ ಜಾಗವನ್ನು ಆಮ್ಲದಲ್ಲಿ ಕೊರೆದು, ಮರದ ತುಂಡಿಗೆ ಹೊಡೆದು ‘ಬ್ಲಾಕ್’ ಮಾಡುತ್ತಿದ್ದರು. ಆಮೇಲೆ ಆಫ್‌ಸೆಟ್ ಬಂದಾಗ ಬ್ಲಾಕಿನ ಬದಲು ಬ್ರೋಮೈಡ್, ಅಂದರೆ ಫೋಟೋ ಕಾಗದದ ಪ್ರತಿ, ಬಂತು. ಎರಡರಲ್ಲೂ ಕಪ್ಪು ಇಲ್ಲವೇ ಬಿಳಿ. ನಡುವಿನ ಬೂದು ಬಣ್ಣಕ್ಕೆ ಜಾಗವಿಲ್ಲ. ಚಿತ್ರ ಮೂರನೇ ಒಂದು ಭಾಗಕ್ಕೆ ಕುಗ್ಗಿದರೆ ಒಂದು ಮಿಲಿಮೀಟರಿನ ಗೆರೆ ಮೂರನೇ ಒಂದು ಮಿಲಿಮೀಟರ್ ಆಗುತ್ತದೆ. ಅದಕ್ಕಿಂತ ತೀರ ಸಣ್ಣದು ಬ್ಲಾಕಿನಲ್ಲೇ ಹಾರಿಹೋಗುತ್ತದೆ. ಒತ್ತೊತ್ತಾಗಿ ಹಾಕಿದ ಅಡ್ಡಗೆರೆಗಳ ನಡುವೆ ನ್ಯೂಸ್‌ಪ್ರಿಂಟಿನ ಮೇಲೆ ಮಸಿ ಹರಡಿ ಇಡೀ ಜಾಗ ಕಪ್ಪಾಗುತ್ತದೆ. ಕಡಿಮೆ ಗೆರೆ, ದಪ್ಪ ಗೆರೆ, ಬ್ರಷ್ಷಿನ ಒಂದೇ ಎಳೆತದಲ್ಲಿ ಮುಗಿಯುವ ಬೆನ್ನು ಅಥವಾ ಪಂಚೆ: ನಾವು ಶೈಲಿ ಎಂದು ಮೆಚ್ಚುವ ಇದರಲ್ಲಿ ಕೆಟ್ಟ ಕಾಗದಕ್ಕೆ ಹೆದರಿ ಕಲಿತದ್ದು ಬಹಳವಿದೆ. ಕನ್ನಡದವರಿಗೆ ಇನ್ನೊಂದು ತಲೆನೋವು, ಒತ್ತಕ್ಷರ. ಮಾತಿನ ಗುಳ್ಳೆಯೊಳಗೆ ಕೈಬರಹದಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದರೆ ಸಾಲಿನ ಕೆಳಗೆ ಮತ್ತೊಂದು ಸಾಲಿನಷ್ಟು ಜಾಗ ಬೇಕು. ಕುಗ್ಗಿದಾಗ ಒತ್ತುಗಳ ಸುಳಿ ಮಸಿ ತುಂಬಿ ಮುದ್ದೆಯಾಗುತ್ತದೆ. ಆದ್ದರಿಂದ ಗುಳ್ಳೆಯ ಮಾತು ಆದಷ್ಟು ಚಿಕ್ಕದು, ಉಳಿದ ಮಾತಿನ ಭಾರ ಮೊಳೆಯಲ್ಲಿ ಜೋಡಿಸುವ ಅಡಿಬರಹದ ಮೇಲೆ. ಮೂಲಪ್ರತಿ ಮೂಕವಾಗಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ತಿಳಿದವರಿಗೆ ನಕಲಿಯನ್ನು ಹಿಡಿಯುವ ದಾರಿಯೂ ಸಿಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ, ಚಿನ್ನದ ಅಂಗಡಿಯವರು ಬಳಸುವ ಭೂತಗನ್ನಡಿ ಸಾಕು. ಆಫ್‌ಸೆಟ್ ಅಚ್ಚಿನಲ್ಲಿ ಬೂದು ಭಾಗ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಇಂಕ್‌ಜೆಟ್‌ನಲ್ಲಿ ಅಂಚಿನ ಸುತ್ತ ತುಂತುರು ಇರುತ್ತದೆ, ಜೆರಾಕ್ಸಿನ ಪುಡಿ ಕಾಗದದ ಮೇಲೆ ಮಿರುಗುತ್ತ ಕೂತಿರುತ್ತದೆ. ಅದ್ದಿ ಬರೆಯುವ ನಿಬ್ಬಿನ ಗೆರೆಯಲ್ಲಿ, ಒತ್ತಿ ಎಳೆದ ಕಡೆ ನಿಬ್ಬಿನ ಎರಡು ಕಾಲು ಕೊರೆದ ಸಣ್ಣ ಗೀರುಗಳು ಎರಡೂ ಅಂಚಿಗೆ ಸಿಗುತ್ತವೆ. ಗೆರೆ ನಿಂತಲ್ಲಿ ಇಂಕು ತೊಟ್ಟಾಗಿ ಒಣಗಿರುತ್ತದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬಿಳಿ ಬಣ್ಣದ ತಿದ್ದುಪಡಿ ಉಬ್ಬಿ ಕಾಣಬೇಕು. ಅಲ್ಲಿ ಕಾಗದ ಸಪಾಟಾಗಿದ್ದರೆ ಅದು ಪ್ರಿಂಟು. ಅಲ್ಟ್ರಾವಯಲೆಟ್ ಟಾರ್ಚಿಗೆ ನೀಲಿಬಿಳಿಯಾಗಿ ಹೊಳೆಯುವ ಕಾಗದದಲ್ಲಿ ಬೆಳ್ಪುಕಾರಕ ರಾಸಾಯನಿಕ ಇದೆ ಎಂದರ್ಥ. ಅದು ಕಾಗದಕ್ಕೆ ಬಂದದ್ದು ಸುಮಾರಾಗಿ 1950ರ ನಂತರ. ‘1942ರ ಚಿತ್ರ’ ಹಾಗೆ ಹೊಳೆದರೆ ಅಲ್ಲಿಗೇ ನಿಲ್ಲಿಸಿ.

ಕಷ್ಟ ಬರುವುದು ಹಳೆಯ ಕಾಗದದ ಮೇಲೆ ಕೈಯಲ್ಲೇ, ಇಂಕಿನಲ್ಲೇ ಬರೆದ ನಕಲಿಯಲ್ಲಿ. ಭೂತಗನ್ನಡಿಯೂ ಟಾರ್ಚೂ ಅಲ್ಲಿ ಸೋಲುತ್ತವೆ. ಕೈಹಿಡಿಯುವುದು ಪೇಪರ್ ಕಟಿಂಗ್. ಅಚ್ಚಾದ ಚಿತ್ರವನ್ನೂ ಹಾಳೆಯನ್ನೂ ಸ್ಕ್ಯಾನ್ ಮಾಡಿ ಒಂದೇ ಅಳತೆಗೆ ತಂದು ಒಂದರ ಮೇಲೊಂದು ಇಡಿ. ನಿಜವಾದ ಮೂಲದಲ್ಲಿ ಅಚ್ಚಿನಲ್ಲಿರುವುದಕ್ಕಿಂತ ಹೆಚ್ಚು ಇರುತ್ತದೆ: ಹಾರಿಹೋದ ಸಣ್ಣ ಗೆರೆಗಳು, ಮಸಿ ತುಂಬಿ ಮುಚ್ಚಿಹೋದ ಸಂದುಗಳು, ಕ್ಯಾಮೆರಾದ ಫಿಲ್ಮಿಗೆ ಕಾಣದ ತಿಳಿನೀಲಿ ಪೆನ್ಸಿಲಿನ ಕರಡು. ಅಚ್ಚನ್ನು ನೋಡಿ ನಕಲು ಮಾಡಿದವನ ಹಾಳೆಯಲ್ಲಿ ಅಚ್ಚಿನ ದೋಷಗಳೂ ಸೇರಿಕೊಂಡಿರುತ್ತವೆ. ಬ್ಲಾಕಿನಲ್ಲಿ ತುಂಡಾದ ಕನ್ನಡಕದ ಕಡ್ಡಿ ಇವನ ‘ಮೂಲ’ದಲ್ಲೂ ತುಂಡಾಗಿಯೇ ಇರುತ್ತದೆ.

ಎಲ್ಲ ಇಂಕೂ ಒಂದೇ ಅಲ್ಲ. ಕಾಡಿಗೆಯಂಥ ಇಂಗಾಲವನ್ನು ಅರಗಿನ ದ್ರಾವಣದಲ್ಲಿ ಕಲಸಿದ ಇಂಡಿಯನ್ ಇಂಕು ಬೆಳಕಿಗೆ ಮಾಸುವುದಿಲ್ಲ, ಒಣಗಿದ ಮೇಲೆ ನೀರಿಗೂ ಜಗ್ಗುವುದಿಲ್ಲ. ಅದರ ದೌರ್ಬಲ್ಯ ಒಂದೇ: ಬ್ರಷ್ಷಿನಲ್ಲಿ ದಪ್ಪಗೆ ತುಂಬಿದ ಕಪ್ಪು ಹಾಳೆಯನ್ನು ಸುತ್ತಿಟ್ಟರೆ ಬಿರಿದು ಹಕ್ಕಳೆ ಏಳುತ್ತದೆ. ಆದ್ದರಿಂದ ಕೊಳವೆಯಲ್ಲಿ ಸುರುಳಿ ಮಾಡಿ ಕೊರಿಯರ್ ಮಾಡಬೇಡಿ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಿ. ಫೌಂಟನ್ ಪೆನ್ನಿನ ಬಣ್ಣದ ಇಂಕು, ಸ್ಕೆಚ್ ಪೆನ್ನು, ಅಗ್ಗದ ಮಾರ್ಕರು ಬೇರೆ ಜಾತಿ. ಸಮಾರಂಭದ ವೇದಿಕೆಯಲ್ಲಿ ಮಾರ್ಕರಿನಿಂದ ಬರೆದುಕೊಟ್ಟ ಚಿತ್ರ ಕಿಟಕಿಯೆದುರು ತೂಗುಹಾಕಿದರೆ ಕೆಲವೇ ವರ್ಷದಲ್ಲಿ ನೇರಳೆಗೋ ಕಂದಿಗೋ ತಿರುಗುತ್ತದೆ. ನಿಜವಾದ ಶತ್ರುಗಳು ಇಂಕಿನಲ್ಲಿಲ್ಲ, ಸುತ್ತಮುತ್ತ ಇವೆ. ತೇಪೆ ಅಂಟಿಸಿದ ರಬ್ಬರ್ ಸಲ್ಯೂಷನ್ ಕಂದು ಕಲೆಯಾಗಿ ಮುಂಬದಿಗೆ ಬರುತ್ತದೆ. ಸೆಲೋಟೇಪಿನ ಪ್ಲಾಸ್ಟಿಕ್ ಉದುರಿದರೂ ಅಂಟು ಕಾಗದದೊಳಗೆ ಇಳಿದಿರುತ್ತದೆ. ಛಾಯೆಗೆ ಅಂಟಿಸಿದ ಚುಕ್ಕೆಹಾಳೆ ಕುಗ್ಗಿ ಹಳದಿಯಾಗುತ್ತದೆ. ಇವನ್ನು ಮನೆಯಲ್ಲಿ ಪೆಟ್ರೋಲು, ಥಿನ್ನರು ಹಾಕಿ ಕೀಳಲು ಹೋದವರು ಚಿತ್ರವನ್ನೂ ಕಿತ್ತಿದ್ದಾರೆ. ಕಾಗದ ಸಂರಕ್ಷಣೆ ಬಲ್ಲವರಿಗೆ ಕೊಡಿ, ಇಲ್ಲವೇ ಹಾಗೇ ಬಿಡಿ. ಅಂದಹಾಗೆ, ಬಿಳಿ ಬಣ್ಣದ ತೇಪೆಯನ್ನೂ ನೀಲಿ ಪೆನ್ಸಿಲಿನ ಗುರುತನ್ನೂ ‘ಕ್ಲೀನ್’ ಮಾಡಿಸುವುದೆಂದರೆ ದುಡ್ಡು ಕೊಟ್ಟು ಬೆಲೆ ಇಳಿಸಿಕೊಂಡಂತೆ. ಡೆಡ್‌ಲೈನಿನ ಗಡಿಬಿಡಿಯ ಸಾಕ್ಷಿ ಇರುವುದೇ ಅಲ್ಲಿ.

ನಮ್ಮಲ್ಲಿ ಅತಿ ಹೆಚ್ಚು ಹಾಳೆಗಳು ಸತ್ತಿರುವುದು ಪ್ರೀತಿಯಿಂದ ಮಾಡಿಸಿದ ಲ್ಯಾಮಿನೇಷನ್ನಿನಿಂದ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಅಂಟು ಕಾಗದದ ನಾರಿಗೆ ಇಳಿದ ಮೇಲೆ ವಾಪಸು ದಾರಿಯಿಲ್ಲ. ಎರಡನೆಯ ಸ್ಥಾನ ಫ್ರೇಮಿನ ಹಿಂಬದಿಯ ಪ್ಲೈವುಡ್ಡಿಗೆ, ಅದರ ಆಮ್ಲ ಹಾಳೆಯನ್ನು ಹಿಂದಿನಿಂದ ಸುಡುತ್ತದೆ. ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಕಿಟಕಿ ಕತ್ತರಿಸಿದ ಮೌಂಟು ಇರಲಿ. ಹಾಳೆಯನ್ನು ಪೂರ್ತಿ ಅಂಟಿಸದೆ ಮೇಲಂಚಿನಲ್ಲಿ ಎರಡು ಕಡೆ ಜಪಾನಿ ತೆಳುಗಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ತೂಗುಹಾಕಬೇಕು. ಈ ಅಂಟು ನೀರಿಗೆ ಬಿಡುತ್ತದೆ, ಆದ್ದರಿಂದ ನಾಳೆ ಬಿಡಿಸಬಹುದು. ಬೆಳಕು 50 ಲಕ್ಸ್ ಮೀರದಿರಲಿ, ತೇವಾಂಶ 45ರಿಂದ 55 ಶೇಕಡಾ ಇರಲಿ ಎನ್ನುವುದು ಸಂಗ್ರಹಾಲಯಗಳ ಅಳತೆ. ಮಂಗಳೂರಿನ ಆಷಾಢದಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಕರಾವಳಿಯಲ್ಲಿ ಮಾಡಬಹುದಾದದ್ದು, ಹೊರಗೋಡೆಗೆ ಫ್ರೇಮು ತೂಗುಹಾಕದಿರುವುದು, ಹಿಂದೆ ಗಾಳಿಯಾಡಲು ಬೆರಳಗಲ ಸಂದು ಬಿಡುವುದು, ಮಳೆಗಾಲ ಮುಗಿದೊಡನೆ ಇಳಿಸಿ ಬೂಷ್ಟು ಬಂದಿದೆಯೇ ನೋಡುವುದು. ಪಿಷ್ಟವಿದ್ದಲ್ಲಿ ಬೆಳ್ಳಗೆ ಮಿರುಗುವ ರಾಮಬಾಣದ ಹುಳು ಬಂದೇ ಬರುತ್ತದೆ. ಗೋಡೆಗಿಂತ ಪೆಟ್ಟಿಗೆಯೇ ವಾಸಿ ಎನ್ನುವವರು ಪಿವಿಸಿ ಫೈಲನ್ನು ಬಿಟ್ಟು ಪಾಲಿಯೆಸ್ಟರ್ ಹಾಳೆಯ ಲಕೋಟೆ ಬಳಸಲಿ. ಪೇಪರ್ ಕಟಿಂಗನ್ನು ಅದೇ ಲಕೋಟೆಗೆ ತುರುಕಬೇಡಿ. ನ್ಯೂಸ್‌ಪ್ರಿಂಟ್ ತಾನು ಹಳದಿಯಾಗುವುದಲ್ಲದೆ ಪಕ್ಕದ ಹಾಳೆಗೂ ತನ್ನ ಆಕಾರದ ಕಂದು ನೆರಳು ಬಿಡುತ್ತದೆ. ಬೇರೆ ಲಕೋಟೆ, ಒಂದೇ ಪೆಟ್ಟಿಗೆ.

ಹಕ್ಕಿನ ವಿಷಯದಲ್ಲಿ ಗೊಂದಲವೇ ಹೆಚ್ಚು. ಹಾಳೆ ಕೊಂಡವನಿಗೆ ಸಿಗುವುದು ಹಾಳೆ. ಅದನ್ನು ಟೀ ಶರ್ಟಿನ ಮೇಲೋ ಪುಸ್ತಕದಲ್ಲೋ ಅಚ್ಚು ಹಾಕುವ ಕಾಪಿರೈಟ್ ಅದರೊಂದಿಗೆ ಬರುವುದಿಲ್ಲ. ಅದು ಕಲಾವಿದನ ಜೀವಮಾನ ಮತ್ತು ನಂತರದ 60 ವರ್ಷ ಬೇರೆಯೇ ಉಳಿಯುತ್ತದೆ. ಪತ್ರಿಕೆಯ ಸಂಬಳದ ನೌಕರನಾಗಿ ಬರೆದ ಚಿತ್ರದ ಬಗ್ಗೆ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಒಂದು ಸೂಕ್ಷ್ಮ ಗೆರೆ ಎಳೆಯುತ್ತದೆ. ಬೇರೆ ಕರಾರಿಲ್ಲದಿದ್ದರೆ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದ ಎಲ್ಲ ವಿಷಯದಲ್ಲಿ ಮೊದಲ ಹಕ್ಕುದಾರ ಬರೆದವನೇ. ಆದರೆ ಕಚೇರಿಯ ಕಾಗದ, ಕಚೇರಿಯ ಇಂಕು, ಕಚೇರಿಯ ಬೀರು. ಹಾಳೆ ಎಂಬ ವಸ್ತು ಯಾರದು ಎಂಬ ಜಗಳಕ್ಕೆ ಆ ಸೆಕ್ಷನ್ ಉತ್ತರ ಕೊಡುವುದಿಲ್ಲ. ಹಳೆಯ ಪತ್ರಿಕಾ ಕಾರ್ಟೂನು ಕೊಳ್ಳುವಾಗ ಕಲಾವಿದರಿಗೋ ಕುಟುಂಬಕ್ಕೋ ಅದು ಹೇಗೆ ಬಂತೆಂಬ ಒಂದು ಸಾಲಿನ ಸಹಿಪತ್ರ ಪಡೆದಿಟ್ಟುಕೊಳ್ಳಿ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸೆಕ್ಷನ್ 53ಎ: ಮೂಲಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, ಮೊದಲ ಹಕ್ಕುದಾರನಾಗಿದ್ದ ಕಲಾವಿದನಿಗೆ ಅಥವಾ ವಾರಸುದಾರರಿಗೆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ 10. ಅಂದರೆ 60,000ಕ್ಕೆ ಕೈಬದಲಾದ ಹಾಳೆಗೆ 6,000ದವರೆಗೆ. ಕಾನೂನು ಪುಸ್ತಕದಲ್ಲಿದೆ, ಕೇಳುವವರು ಕಡಿಮೆ. ಮಾರುವವರಿಗೂ ಒಂದು ಮಾತು: ಆದಾಯ ತೆರಿಗೆಯ ಕಣ್ಣಿನಲ್ಲಿ ಚಿತ್ರಕಲೆ ಮನೆಬಳಕೆಯ ಸಾಮಾನಲ್ಲ, ಲಾಭಕ್ಕೆ ಬಂಡವಾಳ ಗಳಿಕೆಯ ತೆರಿಗೆ ಬೀಳುತ್ತದೆ.

ಇವತ್ತಿನ ಬಹುಪಾಲು ವ್ಯಂಗ್ಯಚಿತ್ರಕಾರರು ಟ್ಯಾಬ್ಲೆಟ್ಟಿನ ಮೇಲೆ ಬರೆಯುತ್ತಾರೆ. ಅಲ್ಲಿ ಮೂಲಪ್ರತಿ ಎಂಬುದೇ ಇಲ್ಲ. ಇನ್ನು ಕೆಲವರು ಗೆರೆಯನ್ನು ಕಾಗದದ ಮೇಲೆ ಇಂಕಿನಲ್ಲಿ ಬರೆದು ಸ್ಕ್ಯಾನ್ ಮಾಡಿ ಬಣ್ಣವನ್ನು ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಹಾಳೆಯಲ್ಲಿ ಓದುಗ ಕಂಡ ಚಿತ್ರದ ಎಲುಬು ಮಾತ್ರ. ಹೀಗಾಗಿ ಮಾರುಕಟ್ಟೆಗೆ ‘ಒರಿಜಿನಲ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮಾಲು ಬರುತ್ತಿದೆ: ಅಚ್ಚಿಗೆ ಹೋದ ಹಾಳೆ, ಸಂಪಾದಕರಿಗೆ ತೋರಿಸಿದ ಕರಡು, ಗ್ರಾಹಕನ ಕೋರಿಕೆಗೆ ಅದೇ ಚಿತ್ರವನ್ನು ಮತ್ತೆ ಇಂಕಿನಲ್ಲಿ ಬರೆದದ್ದು, ಸಹಿ ಹಾಕಿದ ಪ್ರಿಂಟು. ನಾಲ್ಕೂ ಪ್ರಾಮಾಣಿಕ ವಸ್ತುಗಳೇ, ಹೆಸರು ಸರಿಯಾಗಿ ಹೇಳುವವರೆಗೆ. ಮತ್ತೆ ಬರೆದದ್ದರ ಮೇಲೆ ಮತ್ತೆ ಬರೆದ ತಾರೀಖು ಇರಬೇಕು. ಪ್ರಿಂಟಿನಲ್ಲಿ 300 ಜಿಎಸ್ಎಂ ಹತ್ತಿ ಕಾಗದ, ಪಿಗ್ಮೆಂಟ್ ಇಂಕು ಎಂದು ಕೊಚ್ಚಿಕೊಳ್ಳುವುದಕ್ಕಿಂತ ಮುಖ್ಯ ಎಣಿಕೆ. ‘3/25’ ಎಂದರೆ ಇಪ್ಪತ್ತೈದರಲ್ಲಿ ಮೂರನೆಯದು ಸರಿ. ಆದರೆ ಅದೇ ಚಿತ್ರ ಇನ್ನೊಂದು ಅಳತೆಯಲ್ಲಿ ಮತ್ತೆ 50 ಬರುತ್ತದೆಯೇ, ಈ ಎಣಿಕೆಗೆ ಸೇರದೆ ಕಲಾವಿದ ತನಗೆಂದು ಇಟ್ಟುಕೊಂಡ ಪ್ರತಿಗಳು ಎಷ್ಟು, ಇದು ಬಿಲ್ಲಿನ ಮೇಲೆ ಬರೆದಿದೆಯೇ? ಬರೆಯಲು ಒಪ್ಪದವರ ಹತ್ತಿರ ಪೋಸ್ಟರಿನ ಬೆಲೆಗೆ ಕೊಳ್ಳಿ. ಪ್ರಿಂಟು ಕೊಳ್ಳುವುದಕ್ಕಿಂತ ಆ ಬಣ್ಣವಿಲ್ಲದ ಎಲುಬಿನ ಹಾಳೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಕೈ ಎಲ್ಲಿ ತಡವರಿಸಿತು ಎಂಬುದು ಪ್ರಿಂಟಿನಲ್ಲಿ ಸಿಗುವುದಿಲ್ಲ.

ಅಟ್ಟದ ಮೇಲೆ ಅಪ್ಪನದೋ ತಾತನದೋ ಕಟ್ಟು ಇರುವ ಮನೆಗಳು ಕರ್ನಾಟಕದಲ್ಲಿ ಇನ್ನೂ ಇವೆ. ಮಾರುವ ಯೋಚನೆ ಆಮೇಲೆ. ಮೊದಲು ಕಟ್ಟಿನ ಕ್ರಮ ಕೆಡಿಸದೆ ಒಂದೊಂದು ಹಾಳೆಯ ಎರಡೂ ಬದಿಯನ್ನು 600 ಡಿಪಿಐನಲ್ಲಿ, ಕಪ್ಪುಬಿಳಿಯಲ್ಲಲ್ಲ, ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪುಬಿಳಿಯಲ್ಲಿ ನೀಲಿ ಪೆನ್ಸಿಲ್ ಮಾಯವಾಗುತ್ತದೆ. ತಾರೀಖಿನ ಸ್ಟಾಂಪು ಸಿಕ್ಕಿದರೆ ಆ ದಿನದ ಮತ್ತು ಮರುದಿನದ ಪತ್ರಿಕೆಯನ್ನು ಗ್ರಂಥಾಲಯದ ಹಳೆಯ ಸಂಪುಟಗಳಲ್ಲಿ ಹುಡುಕಿ, ಇಡೀ ಪುಟದ ಫೋಟೋ ತೆಗೆಯಿರಿ. ಕಾರ್ಟೂನನ್ನಷ್ಟೇ ತೆಗೆದರೆ ಪಕ್ಕದ ಸುದ್ದಿ ತಪ್ಪಿಹೋಗುತ್ತದೆ, ನಗೆಯ ಕೀಲಿ ಅದರಲ್ಲೇ ಇರಬಹುದು. ಅಡಿಬರಹ, ಪತ್ರಿಕೆ, ತಾರೀಖು, ಚಿತ್ರದಲ್ಲಿರುವವರು ಯಾರು ಎಂಬುದನ್ನು ಹಾಳೆಯ ಹಿಂಬದಿಯ ಕೆಳಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಯಲ್ಲಿ ಮಂತ್ರಿಗಳ ಮುಖದ ಮೇಲೆ ಏಳುತ್ತದೆ.